ನೆರೆ ಇಳಿದ ಮೇಲೆ ಒಂದೂರು ಬೇಗ ಎದ್ದಿತು, ಇನ್ನೊಂದು ಯಾಕೆ ಏಳಲಿಲ್ಲ?

ಪ್ರಶ್ನೆ: ನನ್ನ ಮಗಳು ಆಸ್ಟ್ರೇಲಿಯಾದ ಲಿಸ್ಮೋರ್‌ನಲ್ಲಿ ಕೆಲಸ ಮಾಡುತ್ತಾಳೆ. 2022ರ ಪ್ರವಾಹದಲ್ಲಿ ಮುಳುಗಿದ ಊರು ಅದು. ವರ್ಷಗಳು ಕಳೆದರೂ ಕೆಲವು ಬೀದಿಗಳಲ್ಲಿ ಖಾಲಿ ಮನೆಗಳೇ ಜಾಸ್ತಿ ಅಂತಾಳೆ. ಅದೇ ದೇಶದ ಗ್ರಾಂಥಮ್ ಎಂಬ ಊರು ಮಾತ್ರ ಪ್ರವಾಹ ಬಂದ ವರ್ಷವೇ ಪಕ್ಕದ ಎತ್ತರದಲ್ಲಿ ಹೊಸದಾಗಿ ಎದ್ದಿತು ಅಂತ ಓದಿದೆ. ದುಡ್ಡಿರುವ ದೇಶ, ಒಂದೇ ಸರ್ಕಾರ. ಅಲ್ಲಿ ಆದದ್ದು ಇಲ್ಲಿ ಯಾಕಾಗಲಿಲ್ಲ? ಇನ್ನೊಂದು ಮಾತು. ಮಗಳು ಲಿಸ್ಮೋರ್‌ನಲ್ಲೇ ಕಡಿಮೆ ಬೆಲೆಗೆ ಬಂದಿರುವ ಒಂದು ಮನೆ ನೋಡಿದ್ದಾಳೆ. ಕೊಳ್ಳಬಹುದಾ?

ಉತ್ತರ: ಮೊದಲು ಒಂದು ಸಣ್ಣ ತಿದ್ದುಪಡಿ. ಗ್ರಾಂಥಮ್ ಇರುವುದು ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ಲಿಸ್ಮೋರ್ ನ್ಯೂ ಸೌತ್ ವೇಲ್ಸ್‌ನಲ್ಲಿ. ಕೇಂದ್ರ ಸರ್ಕಾರ ಒಂದೇ ಆದರೂ ಜಮೀನು, ಕಟ್ಟಡ, ಊರಿನ ನಕ್ಷೆ ಇವೆಲ್ಲ ಆಯಾ ರಾಜ್ಯ ಮತ್ತು ಊರಿನ ಕೌನ್ಸಿಲ್ ಕೈಯಲ್ಲಿವೆ. ಆದರೆ ನಿಮ್ಮ ಪ್ರಶ್ನೆಯ ಗಂಟು ಅಲ್ಲಿಲ್ಲ. ನೀರು ಇಳಿದ ಮೇಲೆ ಪ್ರತಿ ಮನೆಯವರಿಗೂ ಒಂದು ವಿಷಯ ಬೇಗ ಗೊತ್ತಾಗಬೇಕು. ಇಲ್ಲೇ ಮತ್ತೆ ಕಟ್ಟಬೇಕಾ, ಇಲ್ಲಾ ಬೇರೆ ಕಡೆ ಹೋಗಬೇಕಾ? ಗ್ರಾಂಥಮ್‌ನವರಿಗೆ ಇದಕ್ಕೆ ಉತ್ತರ ಕೆಲವೇ ತಿಂಗಳಲ್ಲಿ ಸಿಕ್ಕಿತು. ಲಿಸ್ಮೋರ್‌ನ ಎಷ್ಟೋ ಜನ ವರ್ಷಗಟ್ಟಲೆ ಕಾದರು. ಉಳಿದ ವ್ಯತ್ಯಾಸಗಳೆಲ್ಲ ಬಹುಪಾಲು ಇದರ ಹಿಂದೆಯೇ ಬಂದವು.

ಗ್ರಾಂಥಮ್ ಕಥೆ ಕೇಳಿ. ಲಾಕ್ಯರ್ ಕಣಿವೆಯಲ್ಲಿ, ಬ್ರಿಸ್ಬೇನ್ ನಗರದಿಂದ ಸುಮಾರು ನೂರು ಕಿಲೋಮೀಟರ್ ಪಶ್ಚಿಮಕ್ಕೆ ಇರುವ ಪುಟ್ಟ ಊರು. ಸುತ್ತಲೂ ತರಕಾರಿ ಬೆಳೆಯುವ ಕಪ್ಪು ಭೂಮಿ. 2011ರ ಜನವರಿ 10ರಂದು ಮಧ್ಯಾಹ್ನ ಬೆಟ್ಟದ ಮೇಲಿನ ಟುವೂಂಬಾ ನಗರದಲ್ಲಿ ಬೀದಿಗಳೇ ಹೊಳೆಯಾಗಿ ಹರಿದವು. ಸಂಜೆಯಾಗುವ ಮೊದಲೇ ಕಣಿವೆಯ ನೀರು ಗ್ರಾಂಥಮ್ ಮೇಲೆ ಬಿತ್ತು. ಅಲ್ಲಿನ ಹಳೆ ಮನೆಗಳು ಮರದವು, ಗಿಡ್ಡ ಕಂಬಗಳ ಮೇಲೆ ಕೂತಿರುವಂಥವು. ನೀರಿನ ರಭಸಕ್ಕೆ ಕೆಲವು ಮನೆಗಳು ಕಂಬ ಬಿಟ್ಟು ತೇಲಿಹೋದವು, ಒಳಗೆ ಜನರಿದ್ದಂತೆಯೇ. ಅಷ್ಟು ಸಣ್ಣ ಊರಲ್ಲಿ 12 ಮಂದಿ ಸತ್ತರು.

ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಆಗುವುದು ಏನು? ಸಮಿತಿ ಆಗುತ್ತದೆ, ಅಧ್ಯಯನ ಆಗುತ್ತದೆ, ಜನ ಕಾಯುತ್ತಾರೆ. ಲಾಕ್ಯರ್ ವ್ಯಾಲಿ ಕೌನ್ಸಿಲ್ ಹಾಗೆ ಕೂರಲಿಲ್ಲ. ಮೇಯರ್ ಸ್ಟೀವ್ ಜೋನ್ಸ್ ಮುಂದಾಳತ್ವದಲ್ಲಿ ಊರಿಗೆ ಅಂಟಿಕೊಂಡೇ ಇದ್ದ ಎತ್ತರದ ಜಮೀನು, ಒಟ್ಟು 378 ಹೆಕ್ಟೇರ್, ಅಂದರೆ ಒಂಬೈನೂರು ಎಕರೆಗೂ ಹೆಚ್ಚು, ಖರೀದಿ ಮಾಡಿತು. ಆಮೇಲೆ ಜನರ ಮುಂದೆ ಇಟ್ಟ ಮಾತು ತುಂಬಾ ಸರಳ. ಸೈಟಿಗೆ ಸೈಟು. ಕೆಳಗಿನ ನಿಮ್ಮ ಜಾಗ ಕೌನ್ಸಿಲ್‌ಗೆ ಕೊಡಿ, ಮೇಲೆ ಹೆಚ್ಚುಕಡಿಮೆ ಅಷ್ಟೇ ಅಳತೆಯ ಜಾಗ ತೊಗೊಳ್ಳಿ. ಬೇಡ ಅಂದವರು ಕೆಳಗೇ ಇರಬಹುದು, ಯಾರನ್ನೂ ಎಬ್ಬಿಸುವುದಿಲ್ಲ. ರಾಜ್ಯ ಸರ್ಕಾರ ಆ ವರ್ಷ ಹುಟ್ಟುಹಾಕಿದ ಪುನರ್ನಿರ್ಮಾಣ ಪ್ರಾಧಿಕಾರ ಊರಿನ ನಕ್ಷೆಯನ್ನು ತನ್ನ ವಿಶೇಷ ಅಧಿಕಾರದಲ್ಲಿ ಬೇಗ ಪಾಸು ಮಾಡಿತು. ಬೇರೆ ಸಮಯದಲ್ಲಿ ಇಂಥ ಬಡಾವಣೆಗೆ ವರ್ಷಗಳೇ ಬೇಕು. ಇಲ್ಲಿ ಆಗಸ್ಟ್ ಹೊತ್ತಿಗೆ ನಕ್ಷೆ ಸಿದ್ಧವಾಗಿ, ಯಾರಿಗೆ ಯಾವ ಸೈಟು ಅಂತ ಚೀಟಿ ಎತ್ತಿಯೂ ಆಗಿತ್ತು. ಡಿಸೆಂಬರ್‌ನಲ್ಲಿ ಮೊದಲ ಕುಟುಂಬ ಹೊಸ ಮನೆಗೆ ಹೋಯಿತು. ಅಂದರೆ ನೀವು ಓದಿದ್ದು ನಿಜ.

ಆದರೆ ಅರ್ಧ ಮಾತ್ರ ನಿಜ. ಆ ವರ್ಷ ಇಡೀ ಊರು ಮೇಲೆ ಹೋಗಿ ಕೂತಿತು ಅಂದುಕೊಳ್ಳಬೇಡಿ. ಒಂದೊಂದೇ ಮನೆ, ವರ್ಷಗಳ ಕಾಲ ಏರುತ್ತಾ ಹೋದವು. ಯಾಕೆಂದರೆ ಕೌನ್ಸಿಲ್ ಕೊಟ್ಟದ್ದು ಜಾಗ ಮಾತ್ರ. ಮನೆ ಕಟ್ಟುವ ದುಡ್ಡು ಅವರವರದ್ದೇ. ವಿಮೆ ಬಂದವರು ಬೇಗ ಕಟ್ಟಿದರು. ಬಾರದವರು ದೇಣಿಗೆ ನಿಧಿ, ಸಾಲ, ಗೆಳೆಯರ ಕೈಕೆಲಸ ಅಂತ ಕೂಡಿಸಿಕೊಂಡು ನಿಧಾನವಾಗಿ ಕಟ್ಟಿದರು. ಕೆಲವರು ಕೆಳಗೇ ಉಳಿದರು.

ಆ ವಿಮೆಯದ್ದೇ ಒಂದು ದೊಡ್ಡ ಗೋಳು. ಆಗಿನ ಪಾಲಿಸಿಗಳಲ್ಲಿ ಹೊಳೆ ಉಕ್ಕಿ ಬಂದ ನೀರು ಬೇರೆ, ಮಳೆ ಬಿದ್ದು ಹರಿದು ಬಂದ ನೀರು ಬೇರೆ. ಕೆಲವು ಕಂಪನಿಗಳು ಎರಡನೆಯದಕ್ಕೆ ದುಡ್ಡು ಕೊಡುತ್ತಿದ್ದವು, ಮೊದಲನೆಯದಕ್ಕೆ ಇಲ್ಲ. ಹಾಗಾಗಿ ಮನೆ ಕಳಕೊಂಡವರು ನಮ್ಮ ಅಡುಗೆಮನೆಗೆ ನುಗ್ಗಿದ್ದು ಯಾವ ನೀರು ಅಂತ ವಾದ ಮಾಡಬೇಕಾಯಿತು. ಜಲತಜ್ಞರು ಬಂದು ನೀರಿನ ಗುರುತು ನೋಡಿ ವರದಿ ಬರೆದರು. ಈ ರಗಳೆ ನೋಡಿದ ಮೇಲೆಯೇ ಕೇಂದ್ರ ಸರ್ಕಾರ 2012ರಲ್ಲಿ ಕಾನೂನು ತಿದ್ದಿ, ವಿಮೆಗೆ ಪ್ರವಾಹ ಅಂದರೆ ಏನು ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ ಗೊತ್ತು ಮಾಡಿದ್ದು. ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ಪ್ರವಾಹದ ಪ್ರೀಮಿಯಂ ಎಷ್ಟು ಅನ್ನುವುದೂ ಸ್ಪಷ್ಟವಾಗಿ ಕಾಣತೊಡಗಿತು. ಲಿಸ್ಮೋರ್‌ನ ತಗ್ಗು ಬೀದಿಗಳಲ್ಲಿ ಆ ಮೊತ್ತ ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಅಂತ ಬಂದಾಗ ಜನ ಪ್ರವಾಹದ ವಿಮೆಯನ್ನೇ ಕೈಬಿಟ್ಟರು. ಬೇರೆ ದಾರಿ ಏನಿತ್ತು?

ಈಗ ಲಿಸ್ಮೋರ್‌ಗೆ ಬರೋಣ. ವಿಲ್ಸನ್ಸ್ ನದಿಯ ದಡದ ಊರು. ನೆರೆ ಅವರಿಗೆ ಹೊಸದೇನಲ್ಲ. ಹಳಬರು ಮನೆಯನ್ನು ಎತ್ತರದ ಕಂಬಗಳ ಮೇಲೆ ಕಟ್ಟುತ್ತಿದ್ದರು. ನೀರು ಬರುತ್ತೆ ಅಂದರೆ ಫ್ರಿಜ್ಜು, ಹಾಸಿಗೆ ಮೇಲೆ ಸಾಗಿಸುವುದು, ಇಳಿಯುವ ನೀರಿನಲ್ಲೇ ಕೆಸರು ತೊಳೆಯುವುದು, ಮೂರನೇ ದಿನ ಅಂಗಡಿ ತೆರೆಯುವುದು, ಇದೆಲ್ಲ ಅವರಿಗೆ ರೂಢಿ. ಎಲ್ಲರ ಲೆಕ್ಕಕ್ಕೂ ಆಧಾರ 1954ರ ದಾಖಲೆ, 12.27 ಮೀಟರ್. ಊರಿನ ವ್ಯಾಪಾರ ಬೀದಿಗಳನ್ನು ಕಾಯಲು 2005ರಲ್ಲಿ ತಡೆಗೋಡೆ ಆಯಿತು. 2017ರಲ್ಲಿ ಡೆಬ್ಬಿ ಚಂಡಮಾರುತದ ಮಳೆಗೆ ನೀರು ಮೊದಲ ಸಲ ಅದನ್ನು ದಾಟಿತು. ಅಂಗಡಿಯವರು ಮತ್ತೆ ತೊಳೆದರು, ಮತ್ತೆ ತೆರೆದರು.

2022ರ ಫೆಬ್ರವರಿ 28ರಂದು ನದಿ 14.4 ಮೀಟರ್ ಮುಟ್ಟಿತು. ಹಳೆ ದಾಖಲೆಗಿಂತ ಎರಡು ಮೀಟರ್ ಜಾಸ್ತಿ. ಎರಡು ಮೀಟರ್ ಅಂದರೆ ಎಷ್ಟು ಅನ್ನುವುದು ಅಲ್ಲಿನವರಿಗೆ ಅವತ್ತು ಗೊತ್ತಾಯಿತು. ಮಹಡಿಗೆ ಎಂದೂ ನೀರು ಬಂದಿಲ್ಲ ಅಂತ ಮಹಡಿಗೆ ಹತ್ತಿದವರು ಅಲ್ಲಿಂದ ಅಟ್ಟಕ್ಕೆ, ಅಟ್ಟದಿಂದ ಸೂರಿನ ಮೇಲಕ್ಕೆ ಹತ್ತಬೇಕಾಯಿತು. ಸರ್ಕಾರದ ದೋಣಿಗಳು ಸಾಲದೇ ಊರವರೇ ತಮ್ಮ ಸಣ್ಣ ಅಲ್ಯೂಮಿನಿಯಂ ದೋಣಿ, ಅವರ ಬಾಯಲ್ಲಿ ‘ಟಿನ್ನಿ’, ಇಳಿಸಿ ಸೂರುಗಳ ಮೇಲಿಂದ ಜನರನ್ನು ಇಳಿಸಿಕೊಂಡು ಬಂದರು. ಮೂಲನಿವಾಸಿಗಳ ಪತ್ರಿಕೆ ‘ಕೂರಿ ಮೇಲ್’ ಕಚೇರಿ ತಾನೂ ಮುಳುಗಿತ್ತು. ಆದರೂ ಊಟ, ಬಟ್ಟೆ, ಔಷಧಿ ಹಂಚುವ ಕೇಂದ್ರವಾಗಿ ತಿಂಗಳುಗಟ್ಟಲೆ ದುಡಿಯಿತು. ಒಂದು ತಿಂಗಳು ಕಳೆದು, ಮಾರ್ಚ್ 30ಕ್ಕೆ ನೀರು ಮತ್ತೆ ತಡೆಗೋಡೆ ದಾಟಿ ಬಂತು. ತೊಳೆದ ಮನೆಗಳಿಗೆ ಮತ್ತೆ ಕೆಸರು. ಎಷ್ಟೋ ಜನ ಸೋತದ್ದು ಮೊದಲ ನೆರೆಗಲ್ಲ, ಈ ಎರಡನೆಯದಕ್ಕೆ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಹತ್ತಿರದಿಂದ ನೋಡಿ. ನೀರು ಇಳಿದ ಮನೆಯಲ್ಲಿ ಮೊದಲ ಕೆಲಸ ಕೆಸರು. ಅದು ಹಸಿ ಇದ್ದಾಗಲೇ ಪೈಪು ಹಿಡಿದು ಹೊರಗೆ ಹಾಕಬೇಕು, ಒಣಗಿದರೆ ಕೆರೆಯಬೇಕಾಗುತ್ತದೆ. ಎರಡನೆಯದು ಗೋಡೆ. ಒಳಗೋಡೆಗೆ ಜಿಪ್ಸಂ ಹಲಗೆ ಇದ್ದರೆ ಅದು ನೀರು ಕುಡಿದು ಉಬ್ಬಿರುತ್ತದೆ, ಕಿತ್ತು ಎಸೆಯದೆ ಬೇರೆ ದಾರಿ ಇಲ್ಲ. ಹಿಂದೆ ತುಂಬಿದ ಹತ್ತಿಯಂಥ ಪದರವೂ ಹೋಗಬೇಕು. ಆದರೆ ಲಿಸ್ಮೋರ್‌ನ ಹಳೆ ಮನೆಗಳ ಗೋಡೆಗೆ ಗಟ್ಟಿ ಮರದ ಹಲಗೆಗಳಿವೆ. ಅವನ್ನು ತೊಳೆದು ಒಣಗಿಸಿದರೆ ಮತ್ತೆ ನೂರು ವರ್ಷ ಬಾಳುತ್ತವೆ. ಅವಸರದಲ್ಲಿ, ಸಹಾಯಕ್ಕೆ ಬಂದವರ ಉತ್ಸಾಹದಲ್ಲಿ, ಅಂಥ ಹಲಗೆಗಳೂ ರಸ್ತೆ ಬದಿಯ ರಾಶಿಗೆ ಹೋದವು. ಇದು ನನಗೆ ಈಗಲೂ ಬೇಜಾರಿನ ವಿಷಯ. ಅದೇ ರಾಶಿಯಲ್ಲಿ ಹಳೆ ಕಲ್ನಾರು ಶೀಟಿನ ಚೂರುಗಳೂ ಇರುತ್ತವೆ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹಾಗಾಗಿ ಕಸ ಎತ್ತುವುದೂ ಸುಮ್ನೆ ಲಾರಿಗೆ ತುಂಬುವ ಕೆಲಸವಲ್ಲ. ಮೂರನೆಯದು ಕಾಯುವುದು. ಮರದೊಳಗಿನ ತೇವವನ್ನು ಸಣ್ಣ ಮೀಟರ್ ಚುಚ್ಚಿ ನೋಡುತ್ತಾರೆ. ಅದು ಶೇ 15ರ ಆಸುಪಾಸಿಗೆ ಇಳಿಯುವ ತನಕ ಗೋಡೆ ಮುಚ್ಚಬಾರದು. ಮುಚ್ಚಿದರೆ ಒಳಗೆ ಬೂಸ್ಟು ಹಿಡಿಯುತ್ತದೆ, ಮನೆಯವರಿಗೆ ಕೆಮ್ಮು ಶುರುವಾಗುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟು, ಫ್ಯಾನ್ ಹಾಕಿ ವಾರಗಳು, ಮಳೆಗಾಲ ಮುಂದುವರಿದರೆ ತಿಂಗಳುಗಳು ಕಾಯಬೇಕು.

ಊರು ಎತ್ತ ಹೋಗಬೇಕು ಅನ್ನುವುದು ತೀರ್ಮಾನವಾಗಬೇಕಾದ ಹೊತ್ತು ಈ ಕಾಯುವ ತಿಂಗಳುಗಳೇ. ಗೋಡೆ ಮುಚ್ಚಿ, ಬಣ್ಣ ಹೊಡೆದು, ಹೊಸ ಅಡುಗೆಮನೆ ಕೂರಿಸಿದ ಮೇಲೆ ಯಾರೂ ಏಳಲ್ಲ. ಉಳಿತಾಯವೆಲ್ಲ ಅಲ್ಲಿ ಹೋಗಿರುತ್ತದೆ. ನ್ಯೂ ಸೌತ್ ವೇಲ್ಸ್ ಸರ್ಕಾರ ಮನೆಗಳ ಯೋಜನೆ ಪ್ರಕಟಿಸಿದ್ದು ಅಕ್ಟೋಬರ್ ಕೊನೆಗೆ, ನೆರೆ ಬಂದು ಎಂಟು ತಿಂಗಳಾದ ಮೇಲೆ. ಮೊತ್ತ ದೊಡ್ಡದೇ, ಮನೆಗಳಿಗೆ 70 ಕೋಟಿ ಡಾಲರ್, ಹೊಸ ಜಾಗ ಸಿದ್ಧಪಡಿಸಲು ಇನ್ನೂ 10 ಕೋಟಿ. ಅಪಾಯ ಜಾಸ್ತಿ ಇರುವ ಮನೆಯನ್ನು ಪ್ರವಾಹಕ್ಕೆ ಮುಂಚಿನ ಬೆಲೆಗೆ ಸರ್ಕಾರವೇ ಕೊಳ್ಳುತ್ತದೆ. ಉಳಿದವರಲ್ಲಿ ಕೆಲವರಿಗೆ ಮನೆ ಎತ್ತರಿಸಲು 1 ಲಕ್ಷ ಡಾಲರ್‌ವರೆಗೆ, ಇನ್ನು ಕೆಲವರಿಗೆ ನೀರು ತಡೆಯುವಂಥ ಸಾಮಾನು ಹಾಕಿಸಲು 50 ಸಾವಿರದವರೆಗೆ. ಕಾಗದದ ಮೇಲೆ ಒಳ್ಳೆಯ ಯೋಜನೆ. ಆದರೆ ನಮ್ಮ ಮನೆ ಯಾವ ಪಟ್ಟಿಯಲ್ಲಿದೆ ಅಂತ ಮನೆಯವರಿಗೆ ಗೊತ್ತಾಗಲು ಇನ್ನಷ್ಟು ಕಾಲ ಹಿಡಿಯಿತು. ಅಷ್ಟರಲ್ಲಿ ಅವರ ಸ್ಥಿತಿ ಯೋಚಿಸಿ. ಈಗ ಅಡುಗೆಮನೆಗೆ ದುಡ್ಡು ಹಾಕಿ ನಾಳೆ ಸರ್ಕಾರ ಮನೆ ಕೊಂಡರೆ ಹಾಕಿದ್ದು ದಂಡ. ಹಾಕದಿದ್ದರೆ ಗೋಡೆಯಿಲ್ಲದ ಮನೆಯಲ್ಲಿ, ಕ್ಯಾಂಪಿನ ಗ್ಯಾಸ್ ಒಲೆ ಇಟ್ಟುಕೊಂಡು ಎಷ್ಟು ದಿನ?

ಹಾಗಂತ ಲಿಸ್ಮೋರ್ ಆಡಳಿತವನ್ನು ಗ್ರಾಂಥಮ್ ತೋರಿಸಿ ಬೈಯುವುದೂ ನ್ಯಾಯವಲ್ಲ. ಗ್ರಾಂಥಮ್‌ನಲ್ಲಿ ಏಳಬೇಕಿದ್ದದ್ದು ನೂರರ ಆಸುಪಾಸಿನ ಕುಟುಂಬಗಳು. ಲಿಸ್ಮೋರ್‌ನಲ್ಲಿ ಸಾವಿರಾರು. ಗ್ರಾಂಥಮ್‌ಗೆ ಹೊಂದಿಕೊಂಡೇ ಎತ್ತರದ ಜಮೀನು ಇತ್ತು. ಲಿಸ್ಮೋರ್ ಸುತ್ತಲಿನ ಎತ್ತರ ಕಡಿದಾದದ್ದು, ಬೇರೆಬೇರೆ ಮಾಲೀಕರದ್ದು, ಕೆಲವು ಕಡೆ ಮೂಲನಿವಾಸಿಗಳಿಗೆ ಪೂಜ್ಯವಾದ ಜಾಗ. ರಸ್ತೆ, ನೀರು, ಚರಂಡಿ ಎಲ್ಲ ಹೊಸದಾಗಿ ಒಯ್ಯಬೇಕು. ಆದರೂ ನನ್ನ ಅಭಿಪ್ರಾಯ ಇಷ್ಟು: ಹೊಸ ಜಾಗ ತೋರಿಸಿದ ಮೇಲೆ ಹಳೆ ಮನೆ ಕೊಳ್ಳಬೇಕಿತ್ತು. ಅಲ್ಲಿ ಕೊಳ್ಳುವುದು ಮೊದಲಾಯಿತು, ಜಾಗ ಹಿಂದುಳಿಯಿತು. ದುಡ್ಡು ಕೈಗೆ ಬಂದವರು ಊರಲ್ಲಿ ಬೇರೆ ಮನೆ ಸಿಗದೆ ದೂರ ಹೋದರು. ಅಂಗಡಿಗೆ ಗಿರಾಕಿ, ಶಾಲೆಗೆ ಮಕ್ಕಳು ಅವರ ಜೊತೆಗೇ ಹೋದರು. ನಿಮ್ಮ ಮಗಳು ನೋಡುತ್ತಿರುವ ಖಾಲಿ ಮನೆಗಳಲ್ಲಿ ಬಹಳಷ್ಟು ಹೀಗೆ ಸರ್ಕಾರ ಕೊಂಡವೇ ಇರಬೇಕು. ಕೆಲವಕ್ಕೆ ಬೇಲಿ ಹಾಕಿದರು. ಇನ್ನು ಕೆಲವಕ್ಕೆ ಸೂರಿಲ್ಲದವರು ಬಂದು ಸೇರಿಕೊಂಡರು, ಅವರನ್ನು ಎಬ್ಬಿಸುವುದು ಮತ್ತೊಂದು ಜಗಳವಾಯಿತು.

ಬಾಡಿಗೆಯವರ ಮಾತು ಯಾರೂ ಆಡುವುದಿಲ್ಲ, ನೀವೂ ಕೇಳಿಲ್ಲ. ತಗ್ಗು ಬೀದಿಗಳಲ್ಲಿ ಬಾಡಿಗೆ ಕಡಿಮೆ, ಅದಕ್ಕೇ ಬಡವರು ಅಲ್ಲಿರುತ್ತಾರೆ. ಸರ್ಕಾರ ಮನೆ ಕೊಂಡರೆ ದುಡ್ಡು ಮಾಲೀಕರಿಗೆ. ಬಾಡಿಗೆಯವರಿಗೆ ಅದರಲ್ಲಿ ಪಾಲಿಲ್ಲ. ಅವರಲ್ಲಿ ಹಲವರು ‘ಪಾಡ್’ ಎಂಬ ಪೆಟ್ಟಿಗೆಯಂಥ ತಾತ್ಕಾಲಿಕ ಮನೆಗಳ ಕಾಲೊನಿಯಲ್ಲಿ ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ಕಾಲ ಕಳೆದರು.

ಕೆಲಸದ ವಿಷಯವೂ ಇದೆ. ನಾರ್ಕೊ ಎಂಬ ಹಾಲು ಸಹಕಾರಿಯ ಐಸ್‌ಕ್ರೀಂ ಕಾರ್ಖಾನೆ ಲಿಸ್ಮೋರ್‌ನಲ್ಲಿದೆ. ನೆರೆಯಲ್ಲಿ ಅದು ಹಾಳಾಗಿ ಸುಮಾರು 240 ಜನರ ಕೆಲಸ ತೂಗಾಡುವಂತಾಯಿತು. ಸರ್ಕಾರದ ನೆರವಿನಿಂದ ಅದು 2023ರಲ್ಲಿ ಮತ್ತೆ ಶುರುವಾಯಿತು. ಇಂಥ ಒಂದು ಕಾರ್ಖಾನೆ ಬೇರೆ ಊರಿಗೆ ಹೋದರೆ ಎಷ್ಟು ಮನೆ ಎತ್ತರಿಸಿದರೂ ಜನ ಉಳಿಯುವುದು ಕಷ್ಟ.

ಊರನ್ನು ಎತ್ತರಕ್ಕೆ ಒಯ್ಯುವುದು ಆಸ್ಟ್ರೇಲಿಯಾಕ್ಕೆ ಹೊಸ ಯೋಚನೆಯೂ ಅಲ್ಲ. ಗಂಡಗಾಯ್ ಅಂತ ಒಂದು ಊರಿದೆ, ಮರಂಬಿಜಿ ನದಿಯ ಬಯಲಲ್ಲಿ ಕಟ್ಟಿದ್ದು. ಅಲ್ಲಿ ನೀರು ಬರುತ್ತೆ ಅಂತ ವಿರಾಜುರಿ ಎಂಬ ಮೂಲನಿವಾಸಿ ಜನ ವಲಸೆಗಾರರಿಗೆ ಮೊದಲೇ ಹೇಳಿದ್ದರು. ಕೇಳಲಿಲ್ಲ. 1852ರ ಜೂನ್‌ನಲ್ಲಿ ನದಿ ಉಕ್ಕಿ, ಸುಮಾರು 250 ಜನರಿದ್ದ ಊರಲ್ಲಿ 78 ಮಂದಿಯಾದರೂ ಸತ್ತರು. ಯಾರಿ, ಜಾಕಿ ಜಾಕಿ ಎಂಬ ವಿರಾಜುರಿ ಗಂಡಸರು ಮತ್ತು ಅವರ ಜೊತೆಯವರು ಮರದ ತೊಗಟೆಯ ದೋಣಿಗಳಲ್ಲಿ ಅರವತ್ತಕ್ಕೂ ಹೆಚ್ಚು ಜನರನ್ನು ಉಳಿಸಿದರು. ಅವರಿಗೊಂದು ಕಂಚಿನ ಪ್ರತಿಮೆ ಆಗಲು 2017ರವರೆಗೆ ಕಾಯಬೇಕಾಯಿತು ಬಿಡಿ. ಊರು ಮಾತ್ರ ಎತ್ತರಕ್ಕೆ ಹೋಯಿತು. ಕ್ವೀನ್ಸ್‌ಲ್ಯಾಂಡ್‌ನ ಕ್ಲೆರ್ಮಾಂಟ್‌ನದು ಇನ್ನೂ ಮಜಾ. 1916ರ ಡಿಸೆಂಬರ್ ನೆರೆಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಹೋದರು. ಮರುವರ್ಷ ಉಳಿದ ಮರದ ಕಟ್ಟಡಗಳನ್ನು ಇಡಿಯಾಗಿ ಎತ್ತಿ, ಉಗಿ ಎಂಜಿನ್‌ಗೆ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋದರು. ಅಂಗಡಿ, ಹೋಟೆಲು ಎಲ್ಲ. ಮರದ ಮನೆಗಳ ಊರಿಗೆ ಈ ಅನುಕೂಲ ಇದೆ. ಲಿಸ್ಮೋರ್‌ನಲ್ಲೂ ಸರ್ಕಾರ ಕೊಂಡ ಕೆಲವು ಮನೆಗಳನ್ನು ಹೀಗೇ ಬೇರೆ ಕಡೆ ಸಾಗಿಸುವ ಕೆಲಸ ನಡೆದಿದೆ.

ಇನ್ನೊಂದು ವಿಷಯ, ಮನೆಗಳಿಗೆ ಸಂಬಂಧವಿಲ್ಲದ್ದು. ಗ್ರಾಂಥಮ್‌ನವರಿಗೆ ಒಂದು ಅನುಮಾನ ಕಾಡುತ್ತಿತ್ತು. ಮೇಲ್ಗಡೆಯ ಮರಳು ಕ್ವಾರಿಯ ಒಡ್ಡು ಒಡೆದದ್ದರಿಂದಲೇ ನೀರು ಅಷ್ಟು ರಭಸದಲ್ಲಿ ಬಂತಾ? ಮೊದಲ ತನಿಖಾ ಆಯೋಗದ ಮಾತು ಅವರಿಗೆ ಸಮಾಧಾನ ಕೊಡಲಿಲ್ಲ. ಮನೆ ಹೊಸದಾದರೂ ಆ ಸಿಟ್ಟು ಹೋಗಲಿಲ್ಲ. 2015ರಲ್ಲಿ ವಾಲ್ಟರ್ ಸೋಫ್ರೊನಾಫ್ ಅವರ ಆಯೋಗ ಮತ್ತೆ ಎಲ್ಲರ ಮಾತು ಕೇಳಿ, ಅದು ಪ್ರಕೃತಿಯಿಂದಲೇ ಆದ ಅನಾಹುತ, ಕ್ವಾರಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿಲ್ಲ ಎಂದಿತು. ಎಲ್ಲರೂ ಒಪ್ಪಿದರು ಅಂತಲ್ಲ. ಆದರೆ ನಾಲ್ಕು ವರ್ಷ ಕಳೆದ ಮೇಲೂ ಜನ ಇದನ್ನು ಕೇಳುತ್ತಿದ್ದರು ನೋಡಿ. ಮನೆಯ ಕೀಲಿಕೈ ಕೊಟ್ಟ ದಿನ ಕೆಲಸ ಮುಗಿಯಿತು ಅಂತ ಅಧಿಕಾರಿಗಳು ಅಂದುಕೊಳ್ಳುವುದು ಇದಕ್ಕೇ ತಪ್ಪು.

ಈಗ ಮಗಳ ಮನೆ ವಿಚಾರ. ಕೊಳ್ಳಲೇಬಾರದು ಅಂತ ಹೇಳಲ್ಲ. ಊರಿನ ಎತ್ತರದ ಭಾಗಗಳಲ್ಲಿ ಒಳ್ಳೆಯ ಮನೆಗಳಿವೆ. ಆದರೆ ನದಿ ಬಯಲಲ್ಲಿ ಬೆಲೆ ಕಡಿಮೆ ಇದೆ ಅಂದರೆ ಅದರ ಕಾರಣವನ್ನೂ ಅವಳೇ ಕೊಂಡಂತೆ. ಮೊದಲು ಕೌನ್ಸಿಲ್‌ನಿಂದ 10.7 ಪ್ರಮಾಣಪತ್ರ ಪಡೆಯಲಿ. ಆ ಜಾಗಕ್ಕೆ ಪ್ರವಾಹದ ನಿಯಮಗಳು ಅನ್ವಯಿಸುತ್ತವೆಯೇ ಅಂತ ಅದರಲ್ಲಿ ಇರುತ್ತದೆ. ಆಮೇಲೆ ಸರ್ವೇಯರ್ ಕರೆಸಿ ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಅಂತ ಅಳೆಸಲಿ, 2022ರ ನೀರು ಆ ಬೀದಿಯಲ್ಲಿ ಎಲ್ಲಿಯವರೆಗೆ ಬಂದಿತ್ತು ಅನ್ನುವುದರ ಜೊತೆ ಹೋಲಿಸಲಿ. ನದಿಯ ಮಾಪಕದ 14.4 ಅನ್ನೋ ಅಂಕಿ ಇಡೀ ಊರಿಗೆ ಒಂದೇ ಅಲ್ಲ, ಬೀದಿಯಿಂದ ಬೀದಿಗೆ ನೀರಿನ ಮಟ್ಟ ಬದಲಾಗುತ್ತದೆ. ಹೊಸ ಬಣ್ಣ ಹೊಡೆದಿದ್ದರೆ ನೆಲದ ಅಡಿ ಬಗ್ಗಿ ನೋಡಲಿ, ತೊಲೆಗಳಲ್ಲಿ ಕೆಸರು, ಬೂಸ್ಟು ಅಲ್ಲಿ ಕಾಣುತ್ತದೆ. ಸರ್ಕಾರದ ಖರೀದಿ ಪಟ್ಟಿಯಲ್ಲಿ ಈ ಮನೆ ಇತ್ತಾ, ಮಾಲೀಕರು ಬೇಡ ಅಂದರಾ, ಯಾಕೆ ಅಂತ ಕೇಳಲಿ. ಪಕ್ಕದ ಎರಡು ಮೂರು ಮನೆ ಸರ್ಕಾರ ಕೊಂಡು ಕೆಡವುವಂತಿದ್ದರೆ ನಾಳೆ ಆ ಬೀದಿಯಲ್ಲಿ ಅವಳೊಬ್ಬಳೇ ಉಳಿಯಬಹುದು, ಅದನ್ನೂ ಯೋಚಿಸಲಿ. ಕೊನೆಗೆ, ಸಹಿ ಹಾಕುವ ಮೊದಲೇ ಆ ವಿಳಾಸಕ್ಕೆ ಪ್ರವಾಹ ಸೇರಿದ ವಿಮೆಯ ಮೊತ್ತವನ್ನು ಎರಡು ಮೂರು ಕಂಪನಿಗಳಿಂದ ಬರಹದಲ್ಲಿ ತರಿಸಿಕೊಳ್ಳಲಿ. ಆ ಕಾಗದ ಬಂದ ಮೇಲೆ ಬೆಲೆ ನಿಜವಾಗಿಯೂ ಕಡಿಮೆಯಾ ಅಂತ ನೀವಿಬ್ಬರೂ ಕೂತು ಲೆಕ್ಕ ಹಾಕಿ.